ದುಬಾರಿ ಚಿಕಿತ್ಸೆಗೆ ಯಾವಾಗ ದುಡ್ಡು ಹಾಕೋದು? ಬೀದಿನಾಯಿ, ಬೆಕ್ಕು ನೋಡಿಕೊಳ್ಳೋ ತಂಡಗಳಿಗೆ ಲಿಖಿತ ನಿಯಮ

ತುಮಕೂರು_ತಂಡ:
ನಮ್ಮದು ಸಣ್ಣ ಗುಂಪು. ಸ್ವಂತ ಶೆಲ್ಟರ್ ಇಲ್ಲ, ನಾಲ್ಕು ಕೇಜ್, ಎರಡು ಫೋಸ್ಟರ್ ಮನೆ (ಪ್ರಾಣಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳೋ ಮನೆ), ಅಷ್ಟೇ. ದೊಡ್ಡ ಬಿಲ್ ಬರುವ ಕೇಸ್ ಸಿಕ್ಕಾಗಲೆಲ್ಲ ವಾಟ್ಸಾಪ್‌ನಲ್ಲಿ ಜಗಳ. ಯಾರು ಹೆಚ್ಚು ಗೋಳಾಡುತ್ತಾರೋ ಅವರು ತಂದ ನಾಯಿಗೆ ಆಪರೇಷನ್ ಅನ್ನೋ ಹಾಗಾಗಿದೆ. ನಿಯಮ ಬರೆದಿಟ್ಟುಕೊಳ್ಳೋಣ ಅಂತ ಹೊರಟಿದ್ದೇವೆ. "ಒಂದು ಪ್ರಾಣಿಗೆ ಇಷ್ಟೇ ರೂಪಾಯಿ" ಅಂತ ಮಿತಿ ಹಾಕಿದರೆ ಸಾಕಾ? ನಮಗೆ ಹೆಚ್ಚು ಬರೋದು ಪಾರ್ವೊ (ನಾಯಿಮರಿಗಳಿಗೆ ವಾಂತಿ ಭೇದಿ ತರೋ ವೈರಸ್ ಕಾಯಿಲೆ), ಆಕ್ಸಿಡೆಂಟ್, ಗಡ್ಡೆ. ಕಥೆ ಬೇಡ, ನೀವು ಪಾಲಿಸೋ ಕ್ರಮ ಹೇಳಿ ಸಾಕು.

ಶೆಲ್ಟರ್_ನಿರ್ವಹಣೆ:
ಬರೀ ರೂಪಾಯಿ ಮಿತಿ ಸಾಲದು. ಕಡಿಮೆ ದುಡ್ಡಿನ ಕೆಟ್ಟ ನಿರ್ಧಾರಗಳನ್ನು ಅದು ತಡೆಯೋದಿಲ್ಲ, ದುಬಾರಿಯಾದರೂ ಮಾಡಲೇಬೇಕಾದ್ದನ್ನು ತಡೆದುಬಿಡುತ್ತದೆ. ಮೊದಲ ಪ್ರಶ್ನೆ ದುಡ್ಡಿನದಾಗಬಾರದು. ಕಾಯಿಲೆ ಏನು ಅನ್ನೋದು ಖಚಿತವಾಗಿದೆಯಾ? ಚಿಕಿತ್ಸೆ ಫಲಿಸಿದರೆ ಪ್ರಾಣಿ ಯಾವ ಸ್ಥಿತಿಗೆ ಬರುತ್ತದೆ? ಆಮೇಲೆ ಎಲ್ಲಿರುತ್ತದೆ? ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆ ಎಸ್ಟಿಮೇಟ್ ನೋಡಿ.

ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಎಬಿಸಿ ಅಂದರೆ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ (2023) ಸಂತಾನಹರಣ, ಲಸಿಕೆ ಆದ ಬೀದಿನಾಯಿಯನ್ನು ಹಿಡಿದ ಜಾಗಕ್ಕೇ ಮರಳಿ ಬಿಡಬೇಕು. ಆದರೆ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಆವರಣಗಳಿಂದ ಹಿಡಿದ ನಾಯಿಗಳನ್ನು ಅಲ್ಲಿಗೆ ವಾಪಸ್ ಬಿಡಬೇಡಿ ಅಂದಿದೆ. ಅಂದರೆ ಸಿಕ್ಕ ಜಾಗ ಯಾವುದು ಅನ್ನೋದೂ ಖರ್ಚಿನ ಲೆಕ್ಕದೊಳಗೆ ಬರುತ್ತದೆ. ಕಾಲು ಸರಿಹೋದ ನಾಯಿಗೆ ಹೋಗಲು ಜಾಗವಿಲ್ಲದಿದ್ದರೆ ನಿಮ್ಮ ನಾಲ್ಕು ಕೇಜ್‌ಗಳಲ್ಲಿ ಒಂದು ಹೋಯಿತು ಅಂತಲೇ ಲೆಕ್ಕ.

ಕೇಜ್ ದಿನಗಳನ್ನೂ ಬಿಲ್‌ನಂತೆ ಬರೆಯಿರಿ. ಮುರಿದ ತೊಡೆಮೂಳೆಗೆ ಲೋಹದ ಪ್ಲೇಟ್ ಹಾಕಿಸಿದರೆ ಎಂಟು ವಾರ ಓಡಾಟ ಬಂದ್, 56 ದಿನ. ಪಾರ್ವೊ ಮರಿಗೆ ಸರಾಸರಿ ಒಂದು ವಾರ ಅಂದುಕೊಂಡರೂ ಅದೇ ಜಾಗದಲ್ಲಿ ಎಂಟು ಮರಿ. (ಪಾರ್ವೊ ಇದ್ದ ಕೇಜ್‌ಗೆ ಲಸಿಕೆಯಾಗದ ಮರಿ ತರಬೇಡಿ, ಅದು ಬೇರೆ ಮಾತು.)

ಪಶುವೈದ್ಯ_ಮಲೆನಾಡು:
ಮೇಲಿನದಕ್ಕೆ ನನ್ನ ಒಪ್ಪಿಗೆ ಇದೆ. ಕಾಯಿಲೆಯಂತೆ ನೋಡೋಣ.

ಮೊದಲು ಪಾರ್ವೊ. ಚಿಕಿತ್ಸೆ ಇಲ್ಲದಿದ್ದರೆ ಬಹುಪಾಲು ಮರಿಗಳು ಸಾಯುತ್ತವೆ, ಸರಿಯಾಗಿ ಮಾಡಿದರೆ ಬಹುಪಾಲು ಉಳಿಯುತ್ತವೆ. ಬದುಕಿದ ಮರಿ ಪೂರ್ತಿ ಆರೋಗ್ಯವಂತ. ಹಾಗಾಗಿ ದುಡ್ಡು ಹಾಕಲು ಇದಕ್ಕಿಂತ ಒಳ್ಳೆಯ ಕೇಸ್ ಕಡಿಮೆ. ಅಡ್ಮಿಟ್ ಮಾಡಲು ಆಗದಿದ್ದರೆ ಬಿಟ್ಟುಬಿಡಬೇಕು ಅಂತೇನಿಲ್ಲ. ಅಮೆರಿಕದ ಕೊಲೊರಾಡೊ ಸ್ಟೇಟ್ ಯೂನಿವರ್ಸಿಟಿಯವರು ತಲಾ 20 ನಾಯಿಗಳ ಎರಡು ಗುಂಪು ಮಾಡಿ ನೋಡಿದ್ದಾರೆ: ಆಸ್ಪತ್ರೆಯಲ್ಲೇ ಇಟ್ಟವುಗಳಲ್ಲಿ 90%, ಮೊದಲು ರಕ್ತನಾಳಕ್ಕೆ ದ್ರವ ಕೊಟ್ಟು ಚೇತರಿಸಿ ಆಮೇಲೆ ಹೊರರೋಗಿ ಕ್ರಮದಲ್ಲಿ ನೋಡಿಕೊಂಡವುಗಳಲ್ಲಿ 80% ಬದುಕಿದವು. ಎರಡನೆಯ ಕ್ರಮದಲ್ಲಿ 6 ಗಂಟೆಗೊಮ್ಮೆ ಕೆಜಿಗೆ 30 ಮಿ.ಲೀ. ದ್ರವ ಚರ್ಮದಡಿ, ದಿನಕ್ಕೊಂದು ವಾಂತಿ ನಿಲ್ಲಿಸುವ ಮಾರೋಪಿಟೆಂಟ್ ಇಂಜೆಕ್ಷನ್, ದೀರ್ಘಕಾಲ ಕೆಲಸ ಮಾಡುವ ಆಂಟಿಬಯೋಟಿಕ್, ಜೊತೆಗೆ ಸಿರಿಂಜ್‌ನಲ್ಲಿ ಸ್ವಲ್ಪಸ್ವಲ್ಪ ಆಹಾರ. ಹಗಲು ರಾತ್ರಿ ನಾಲ್ಕು ಹೊತ್ತು ಮರಿಯ ಪಕ್ಕ ಇರಬಲ್ಲ ಫೋಸ್ಟರ್ ಇದ್ದರೆ ಮಾತ್ರ ಇದು ಸಾಧ್ಯ. ಪ್ರತಿದಿನ ಗ್ಲೂಕೋಸ್, ಪೊಟ್ಯಾಸಿಯಂ ನೋಡಿಸಲೇಬೇಕು.

ಡ್ರಿಪ್‌ನಲ್ಲಿ ಎಲ್ಲಿ ಎಡವುತ್ತಾರೆ ಅಂತ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. 4 ಕೆಜಿ ಮರಿ, 8% ನೀರು ಕಳೆದುಕೊಂಡಿದೆ: ಕೊರತೆ 320 ಮಿ.ಲೀ. ದಿನದ ಅಗತ್ಯ ಕೆಜಿಗೆ 60ರಂತೆ 240. ಒಟ್ಟು 560, ಅದರ ಮೇಲೆ ವಾಂತಿ ಭೇದಿಯಲ್ಲಿ ಹೋಗುತ್ತಿರುವಷ್ಟು. ವಾಂತಿ ಭೇದಿಯದ್ದು ಬಿಟ್ಟರೆ ಗಂಟೆಗೆ ಸುಮಾರು 23 ಮಿ.ಲೀ. ಮಿ.ಲೀ.ಗೆ 60 ಹನಿ ಬೀಳುವ ಪೀಡಿಯಾಟ್ರಿಕ್ ಸೆಟ್‌ನಲ್ಲಿ ಅದು ನಿಮಿಷಕ್ಕೆ 23 ಹನಿ. ಸಾಮಾನ್ಯ 20 ಹನಿಯ ಸೆಟ್‌ನಲ್ಲಿ ನಿಮಿಷಕ್ಕೆ ಎಂಟೇ ಹನಿ, ಕಣ್ಣಂದಾಜಿನಲ್ಲಿ ಹಿಡಿಯಲಾಗದ ವೇಗ. ವೇಗ ಹಿಡಿದಿಡುವ ರೋಲರ್ ಸ್ವಲ್ಪ ಸಡಿಲವಾದರೆ ಬೆಳಗಾಗುವಷ್ಟರಲ್ಲಿ 500ರ ಬಾಟಲಿ ಖಾಲಿಯಾಗಿ ಮರಿಯ ಶ್ವಾಸಕೋಶದಲ್ಲಿ ನೀರು. ಬ್ಯೂರೆಟ್ (ನಡುವೆ ಅಳತೆ ಗೆರೆಯ ಸಣ್ಣ ಕೊಳವೆ) ಇರುವ ಸೆಟ್ ಸ್ವಲ್ಪ ದುಬಾರಿ, ಆದರೆ ಅದನ್ನೇ ತರಿಸಿ. ಅದರೊಳಗೆ ಎರಡು ಗಂಟೆಗೆ ಬೇಕಾದಷ್ಟೇ ದ್ರವ ತುಂಬಿಸಿ ಮೇಲಿನ ಕ್ಲ್ಯಾಂಪ್ ಮುಚ್ಚಿ.

ನಿಲ್ಲಿಸುವ ಹಂತ: 72 ಗಂಟೆಗೆ ಮರುಪರಿಶೀಲನೆ ಅಂತ ಮೊದಲೇ ಬರೆದಿಡಿ. ಲಿಂಫೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ಎಣಿಕೆ ಮೊದಲ ಎರಡು ದಿನದೊಳಗೆ ಏರತೊಡಗಿದರೆ ಒಳ್ಳೆಯ ಸೂಚನೆ. ಚೇತರಿಸಿಕೊಳ್ಳುತ್ತಿದ್ದ ಮರಿ ಮತ್ತೆ ವಾಂತಿ ಶುರುಮಾಡಿ, ಹೊಟ್ಟೆಯಲ್ಲಿ ಸಾಸೇಜಿನಂಥ ಗಟ್ಟಿ ಭಾಗ ಕೈಗೆ ಸಿಕ್ಕರೆ ಕರುಳೊಳಗೆ ಕರುಳು ತೂರಿಕೊಂಡಿರಬಹುದು. ಸ್ಕ್ಯಾನ್, ಆಪರೇಷನ್, ಬೇರೆಯದೇ ಬಿಲ್. ಅದಕ್ಕೆ ಹೊಸದಾಗಿ ಒಪ್ಪಿಗೆ ಬೇಕು ಅಂತ ನಿಯಮದಲ್ಲಿರಲಿ.

ಬೆಕ್ಕಿನಮನೆ:
ಇನ್ನೊಂದು ಸೇರಿಸಿ ಡಾಕ್ಟ್ರೇ, ಫಿನೈಲ್‌ಗೆ ಪಾರ್ವೊ ಸಾಯೋದಿಲ್ಲ. ಗಲೀಜನ್ನು ಸೋಪಿನಲ್ಲಿ ತೊಳೆದ ಮೇಲೆ ಒಂದು ಪಾಲು ಬ್ಲೀಚ್‌ಗೆ 30 ಪಾಲು ನೀರು, ಹತ್ತು ನಿಮಿಷ ಒದ್ದೆಯಾಗಿಯೇ ಇರಬೇಕು. ಬೆಕ್ಕು ಇರುವ ಕಡೆ ಫಿನೈಲ್ ಬಳಸಲೇಬೇಡಿ, ಕಾಲು ನೆಕ್ಕಿ ವಿಷವೇರುತ್ತದೆ. ಒಂದು ಮರಿಗೆ ಸಾವಿರಾರು ಸುರಿದು ಅದರ ಪಕ್ಕದ ಕೇಜ್‌ಗೆ ಹಬ್ಬಿಸಿದರೆ ಆ ಖರ್ಚಿಗೆ ಅರ್ಥವಿಲ್ಲ.

ತುಮಕೂರು_ತಂಡ:
ಗಡ್ಡೆ, ಆಕ್ಸಿಡೆಂಟ್ ಬಗ್ಗೆ ಹೇಳಿ ಡಾಕ್ಟ್ರೇ.

ಪಶುವೈದ್ಯ_ಮಲೆನಾಡು:
ಗಡ್ಡೆ ಅಂದಕೂಡಲೇ ಹೆದರಬೇಡಿ. ಬೀದಿನಾಯಿಗಳ ಜನನಾಂಗದಲ್ಲಿ ಹೂಕೋಸಿನಂತೆ ಬೆಳೆದು ರಕ್ತ ಸೋರುವುದು ಬಹುತೇಕ ಟಿವಿಟಿ, ಅಂದರೆ ಕೂಡುವಾಗ ಹರಡುವ ಗಡ್ಡೆ. ಗಾಜಿನ ಸ್ಲೈಡ್ ಒತ್ತಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಗೊತ್ತಾಗುತ್ತದೆ. ವಿನ್‌ಕ್ರಿಸ್ಟಿನ್ ವಾರಕ್ಕೊಮ್ಮೆ, ಕೆಜಿಗೆ 0.025 ಮಿ.ಗ್ರಾಂ ಲೆಕ್ಕದಲ್ಲಿ ರಕ್ತನಾಳಕ್ಕೆ, ಸಾಮಾನ್ಯವಾಗಿ 4ರಿಂದ 6 ಬಾರಿ. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಗುಣವಾಗುತ್ತವೆ. ಇದನ್ನು ಚರ್ಚೆಗೇ ತರಬೇಡಿ, ನೇರ ಒಪ್ಪಿಗೆಯ ಪಟ್ಟಿಯಲ್ಲಿಡಿ. ಕೆಡುವುದು ಎರಡು ಕಡೆ. ಔಷಧ ನಾಳದಿಂದ ಹೊರಗೆ ಸೋರಿದರೆ ಆ ಜಾಗದ ಮಾಂಸ ಕೊಳೆಯುತ್ತದೆ, ಆದ್ದರಿಂದ ಒದ್ದಾಡುವ ನಾಯಿಗೆ ಬರೀ ಸೂಜಿಯಲ್ಲಿ ಕೊಡಬಾರದು, ಕ್ಯಾನುಲಾ (ನಾಳದಲ್ಲೇ ಉಳಿಯುವ ಮೆತ್ತನೆ ನಳಿಕೆ) ಹಾಕಿ ಸಲೈನ್ ಬಿಟ್ಟು ನೋಡಿ ಆಮೇಲೆ ಕೊಡಬೇಕು. ಇನ್ನೊಂದು, ಪ್ರತಿ ಡೋಸ್‌ಗೆ ಮೊದಲು ರಕ್ತ ಪರೀಕ್ಷೆ. ಬಿಳಿ ಕಣ 4,000ಕ್ಕಿಂತ ಕಡಿಮೆ ಇದ್ದರೆ ಆ ವಾರ ಮುಂದೂಡಿ. ಎರಡು ಡೋಸ್‌ಗೆ ಗಡ್ಡೆ ಕುಗ್ಗಿತು ಅಂತ ನಾಯಿಯನ್ನು ಬೀದಿಗೆ ಬಿಟ್ಟರೆ ಅದು ಮತ್ತೆ ಬೆಳೆಯುತ್ತದೆ. ಆಗ ಅದೇ ಔಷಧಕ್ಕೆ ಬಗ್ಗುವುದು ಅನುಮಾನ.

ಮೊಲೆಗಡ್ಡೆಯಾದರೆ ಮೊದಲು ಎದೆಯ ಎಕ್ಸ್‌ರೇ. ಶ್ವಾಸಕೋಶಕ್ಕೆ ಹಬ್ಬಿದ್ದರೆ ಆಪರೇಷನ್ ದುಡ್ಡು ಉಳಿಸಿ, ನೋವು ನಿವಾರಣೆಗೆ ಬಳಸಿ.

ಆಕ್ಸಿಡೆಂಟ್‌ನಲ್ಲಿ ಕಣ್ಣಿಗೆ ಕಾಣೋದು ಮುರಿದ ಕಾಲು, ಕೊಲ್ಲೋದು ಎದೆ, ಹೊಟ್ಟೆ. ಶ್ವಾಸಕೋಶದ ಸುತ್ತ ಗಾಳಿ, ವಪೆ (ಎದೆ, ಹೊಟ್ಟೆ ನಡುವಿನ ಸ್ನಾಯು ಪರದೆ) ಹರಿದಿರುವುದು, ಮೂತ್ರಕೋಶ ಒಡೆದಿರುವುದು, ಇವನ್ನು ನೋಡದೆ ಮೊದಲ ದಿನವೇ ಕಾಲಿನ ಆಪರೇಷನ್‌ಗೆ ಒಪ್ಪಬೇಡಿ. ಒಂದೆರಡು ದಿನ ಸ್ಥಿರವಾಗಲಿ. ಸೊಂಟದ ಮೂಳೆ ಮುರಿತಗಳಲ್ಲಿ ಎಷ್ಟೋ ನಾಲ್ಕರಿಂದ ಆರು ವಾರ ಕೇಜ್ ವಿಶ್ರಾಂತಿಗೇ ಕೂಡಿಕೊಳ್ಳುತ್ತವೆ, ಸರ್ಜರಿ ಬೇಡ. ಚೂರುಚೂರಾದ ಕಾಲಿಗೆ ಪ್ಲೇಟೋ, ತೆಗೆದುಬಿಡುವುದೋ? ಫೋಸ್ಟರ್ ಖಚಿತವಿಲ್ಲದ ನಾಯಿಗೆ ಕಾಲು ತೆಗೆಯುವುದೇ ಎಷ್ಟೋ ಸಲ ಸರಿ. ಹೊಲಿಗೆ ಬಿಚ್ಚಿದ ಮೇಲೆ ಮೂರು ಕಾಲಿನಲ್ಲಿ ಓಡಾಡುತ್ತದೆ. ಪ್ಲೇಟ್ ಹಾಕಿಸಿ ಮೂರನೇ ವಾರಕ್ಕೆ ಬಿಟ್ಟರೆ ಸ್ಕ್ರೂ ಸಡಿಲಾಗಿ ಎರಡನೇ ಆಪರೇಷನ್. ಕಾಲು ತೆಗೆಯುವ ಮುಂಚೆ ಉಳಿದ ಮೂರು ಕಾಲಿನ ಕೀಲುಗಳನ್ನು ಪರೀಕ್ಷಿಸಲು ಹೇಳಿ.

ಕುಡ್ಲದ_ಫೀಡರ್:
ಬೆನ್ನುಮೂಳೆ ಮುರಿದದ್ದರ ಬಗ್ಗೆ ಯಾರೂ ಮಾತಾಡುವುದಿಲ್ಲ ಅಲ್ವಾ ಮಾರಾಯ್ರೆ? ಹೆಚ್ಚು ಜಗಳ ಆಗುವುದು ಅಲ್ಲಿಯೇ. ಹಿಂದಿನ ಕಾಲು ಎಳೆಯುವ ನಾಯಿ ಕಂಡ ಕೂಡಲೇ "ದಯಾಮರಣ ಕೊಡಿ" ಅಂತ ಹೇಳುವವರು ಉಂಟು. ವೀಲ್‌ಚೇರ್‌ನಲ್ಲಿ ಚೆನ್ನಾಗಿ ಬದುಕುವ ನಾಯಿಗಳೂ ಉಂಟು. ದುಡ್ಡು ಇಲ್ಲ ಅಂತ ಕೊಲ್ಲುವುದಕ್ಕೆ ನಾನು ಒಪ್ಪುವುದಿಲ್ಲ.

ಪಶುವೈದ್ಯ_ಮಲೆನಾಡು:
ಕಂಡಕೂಡಲೇ ತೀರ್ಮಾನ ಬೇಡ ಅನ್ನೋದು ನಿಜ. ಮುಂಗಾಲು ಸೆಟೆದುಕೊಂಡು ಹಿಂಗಾಲು ಜೋತುಬಿದ್ದರೆ "ಮುಗೀತು" ಅಂತಾರೆ. ಆ ಭಂಗಿಯೊಂದರಿಂದ ಭವಿಷ್ಯ ಹೇಳಲಾಗದು. ನೋಡಬೇಕಾದ್ದು ಆಳದ ನೋವಿನ ಅರಿವು. ಹಿಂಗಾಲಿನ ಬೆರಳ ಮೂಳೆಯನ್ನೇ ಫೋರ್ಸೆಪ್ಸ್‌ನಿಂದ ಗಟ್ಟಿಯಾಗಿ ಹಿಡಿದಾಗ ನಾಯಿ ತಿರುಗಿ ನೋಡುತ್ತದಾ, ಕೂಗುತ್ತದಾ, ಕಚ್ಚಲು ಬರುತ್ತದಾ? ಕಾಲು ಹಿಂದಕ್ಕೆ ಎಳೆದುಕೊಂಡರೆ ಸಾಲದು, ಬೆನ್ನುಹುರಿ ಕಡಿದಿದ್ದರೂ ಕಾಲು ತಾನಾಗಿ ಮಡಚಿಕೊಳ್ಳುತ್ತದೆ. "ಡಾಕ್ಟ್ರೇ, ಕಾಲಾಡಿಸಿತು, ವಿಡಿಯೋ ಇದೆ" ಅಂತ ಬರುವ ಕೇಸ್‌ಗಳಲ್ಲಿ ಬಹಳಷ್ಟು ಇಂಥವೇ. ಪರೀಕ್ಷೆ ಮಾಡುವಾಗ ಒಬ್ಬರು ಕಾಲ ಕಡೆ, ಇನ್ನೊಬ್ಬರು ಮುಖ ನೋಡಿಕೊಂಡು ನಿಲ್ಲಬೇಕು.

ನೋವಿನ ಅರಿವು ಇದ್ದರೆ ಎಕ್ಸ್‌ರೇ, ಔಷಧ, ಬೇಕಾದರೆ ಸರ್ಜರಿ ಎಲ್ಲಕ್ಕೂ ದುಡ್ಡು ಹಾಕಲು ಕಾರಣವಿದೆ. ವಾಹನ ಬಡಿದು ಬೆನ್ನೆಲುಬು ಜಾರಿ ಅರಿವು ಪೂರ್ತಿ ಹೋಗಿದ್ದರೆ ಮತ್ತೆ ನಡೆಯುವುದು ಬಹಳ ಅಪರೂಪ. ಬೆನ್ನುಮೂಳೆಯ ಡಿಸ್ಕ್ ಜಾರಿದ ಸಾಕುನಾಯಿಯಲ್ಲಿ ಅರಿವು ಹೋದ ಮೇಲೂ ಸರ್ಜರಿಯಿಂದ ಸುಮಾರು ಅರ್ಧ ಚೇತರಿಸಿಕೊಳ್ಳುತ್ತವೆ. ಇಂಟರ್‌ನೆಟ್‌ನಲ್ಲಿ ಓಡಾಡೋ ಆಶಾದಾಯಕ ವಿಡಿಯೋಗಳು ಹೆಚ್ಚಾಗಿ ಇಂಥ ಡಿಸ್ಕ್ ಕೇಸ್‌ಗಳವು.

ಶೆಲ್ಟರ್_ನಿರ್ವಹಣೆ:
ಕುಡ್ಲದವರೇ, ವೀಲ್‌ಚೇರ್ ಬೇಡ ಅಂತ ಯಾರೂ ಹೇಳ್ತಿಲ್ಲ. ಅದಕ್ಕೆ ಆಗೋ ಖರ್ಚು ಗಾಡಿಯದ್ದಲ್ಲ. ದಿನಕ್ಕೆ ಮೂರ್ನಾಲ್ಕು ಸಲ ಹೊಟ್ಟೆ ಒತ್ತಿ ಮೂತ್ರ ತೆಗೆಯಬೇಕು, ವರ್ಷದಲ್ಲಿ ಹಲವು ಸಲ ಮೂತ್ರದ ಸೋಂಕು, ಎಳೆದಾಡಿ ಆಗುವ ಹುಣ್ಣು, ಮಳೆಗಾಲದಲ್ಲಿ ಆ ಹುಣ್ಣಿಗೆ ಹುಳ. ಗಾಡಿಯಲ್ಲಿ ದಿನಕ್ಕೆ ಒಂದೆರಡು ಗಂಟೆಗಿಂತ ಹೆಚ್ಚು ಇಡಲಾಗದು. ಮಿಕ್ಕ ಹೊತ್ತು ಮೆತ್ತನೆಯ ಒಣ ಹಾಸಿಗೆ, ಮಗ್ಗುಲು ಬದಲಿಸೋ ಕೈ. ಒಬ್ಬ ವ್ಯಕ್ತಿ ಹೆಸರು ಕೊಟ್ಟು "ನಾಯಿಯ ಜೀವಮಾನ ನಾನು ನೋಡಿಕೊಳ್ತೀನಿ" ಅಂದರೆ ಹೌದು. "ಯಾರಾದರೂ ದತ್ತು ತಗೋತಾರೆ" ಅಂದರೆ ಇಲ್ಲ. ನನ್ನ ಲೆಕ್ಕ ಇಷ್ಟೇ.

ಅಳೆಯಲು ಒಂದು ಸಾಧನ ಬೇಕಿದ್ದರೆ ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ ರೂಪಿಸಿದ ಅಳತೆಪಟ್ಟಿ ಇದೆ: ನೋವು, ಹಸಿವು, ನೀರು, ಶುಚಿ, ಸಂತೋಷ, ಚಲನೆ, ಕೆಟ್ಟ ದಿನಕ್ಕಿಂತ ಒಳ್ಳೆ ದಿನ ಹೆಚ್ಚೇ ಅನ್ನೋದು. ಏಳಕ್ಕೂ 0ಯಿಂದ 10ರ ಅಂಕ, 35ಕ್ಕಿಂತ ಮೇಲಿದ್ದರೆ ಮುಂದುವರಿಸಬಹುದು. ನಾಯಿ ತಂದವರೂ ಅದನ್ನು ನೋಡಿಕೊಳ್ಳದವರೂ ಬೇರೆಬೇರೆಯಾಗಿ ಅಂಕ ಹಾಕಿ ಹೋಲಿಸಿ. ಮೊತ್ತಕ್ಕಿಂತ ಆ ಇಬ್ಬರ ನಡುವಿನ ಅಂತರವೇ ಹೆಚ್ಚು ಹೇಳುತ್ತದೆ.

ಕುಡ್ಲದ_ಫೀಡರ್:
ಹೆಸರು ಕೊಟ್ಟು ಒಪ್ಪಿಕೊಳ್ಳುವ ನಿಯಮ ಆಗಬಹುದು. ದಯಾಮರಣಕ್ಕೆ ಕಾನೂನಿನ ಕ್ರಮ ಏನು ಅಂತ ಸ್ವಲ್ಪ ಹೇಳಿ, ಯಾರ್ಯಾರೋ ಏನೇನೋ ಚುಚ್ಚುವುದು ಉಂಟು.

ಪಶುವೈದ್ಯ_ಮಲೆನಾಡು:
ತಂಡದವರು ತಾವಾಗಿ ಮಾಡುವ ಕೆಲಸ ಅಲ್ಲ. ಗುಣವಾಗದ ಕಾಯಿಲೆ ಅಥವಾ ಬದುಕುಳಿಯದ ಗಾಯ ಅಂತ ಪರೀಕ್ಷಿಸಿ ತೀರ್ಮಾನಿಸಿದ ಮೇಲೆ, ಅರ್ಹ ಪಶುವೈದ್ಯರೇ, ಬೇರೆ ಪ್ರಾಣಿಗಳ ಎದುರಲ್ಲದೆ ಮಾಡಬೇಕು. ಎಬಿಸಿ ನಿಯಮಗಳಲ್ಲಿ ಹೇಳಿರುವ ಔಷಧ ಸೋಡಿಯಂ ಪೆಂಟೋಬಾರ್ಬಿಟಾಲ್. ಎಚ್ಚರವಿರುವ ಪ್ರಾಣಿಗೆ ಮೆಗ್ನೀಷಿಯಂ ಸಲ್ಫೇಟ್, ಪೊಟ್ಯಾಸಿಯಂ ಕ್ಲೋರೈಡ್ ಕೊಡುವುದು ಶುದ್ಧ ಹಿಂಸೆ. ಪರೀಕ್ಷೆಯ ಟಿಪ್ಪಣಿ, ಎಕ್ಸ್‌ರೇ, ಡಾಕ್ಟರ ಸಹಿ ಫೈಲಿನಲ್ಲಿರಲಿ.

ಹಾಗೇ ರೇಬಿಸ್. ದವಡೆ ಜೋತುಬಿದ್ದು ಜೊಲ್ಲು ಸುರಿಸುವ, ಲಸಿಕೆಯ ದಾಖಲೆ ಇಲ್ಲದ ನಾಯಿಯ "ಗಂಟಲಲ್ಲಿ ಮೂಳೆ ಸಿಕ್ಕಿದೆ" ಅಂತ ಕೈ ಹಾಕಬೇಡಿ. ಅಲ್ಲಿ ಚಿಕಿತ್ಸೆಯ ಖರ್ಚಿನ ಪ್ರಶ್ನೆಯೇ ಇಲ್ಲ, ಪ್ರತ್ಯೇಕವಾಗಿರಿಸಿ ಸರ್ಕಾರಿ ಪಶುವೈದ್ಯರಿಗೆ ತಿಳಿಸಿ.

ಧಾರವಾಡ_ದನಕರು:
ನಾಯಿ ಬೆಕ್ಕು ಅಷ್ಟ ಅಲ್ರಿ, ಬೀದಿ ದನದ್ದೂ ಇದೇ ಪ್ರಶ್ನೆ ಐತಿ. ಹೊಟ್ಟ್ಯಾಗ ಪ್ಲಾಸ್ಟಿಕ್ ತುಂಬಿದ ಆಕಳಕ್ಕ ರೂಮೆನಾಟಮಿ (ಹೊಟ್ಟಿ ಕೊಯ್ದು ಅದನ್ನ ಹೊರಗ ತೆಗೆಯೋ ಆಪರೇಷನ್) ಮಾಡಿಸಬೇಕಂದ್ರ ಮೊದಲು ನೋಡೋದು ಅದು ಎದ್ದು ನಿಂದರ್ತದೋ ಇಲ್ಲೋ. ಬಿದ್ದು ಒಂದೇ ಮಗ್ಗುಲಿಗೆ ಇದ್ದ ದನದ ತೊಡಿ ಮಾಂಸ ತನ್ನ ಭಾರಕ್ಕ ತಾನ ಸತ್ತು ಹೋಗ್ತದ, ಆಮ್ಯಾಲೆ ಆಪರೇಷನ್ ಛಲೋ ಆದ್ರೂ ಏಳಂಗಿಲ್ಲ. ನಾಕೈದು ತಾಸಿಗೊಮ್ಮೆ ಹೊಳ್ಳಿಸಿ ಹಾಕೋ ಮಂದಿ ಇಲ್ಲಂದ್ರ ರೊಕ್ಕ ಹಾಕಬ್ಯಾಡ್ರಿ. ಹಳ್ಳಿ ಕಡೆ 1962ಕ್ಕ ಫೋನ್ ಹಚ್ಚಿದ್ರ ಪಶು ಇಲಾಖೆ ಗಾಡಿ ಬರ್ತದ, ಮೊದಲು ಅದನ್ನ ನೋಡ್ರಿ. ಇನ್ನ ದೊಡ್ಡ ಆಪರೇಷನ್‌ಗೆ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ, ಗದಗದಾಗ ಪಶುವೈದ್ಯಕೀಯ ಕಾಲೇಜು ಅದಾವು. ಖಾಸಗಿ ಎಸ್ಟಿಮೇಟ್ ಹಿಡಕೊಂಡು ಅಳೋಕಿಂತ ಮೊದಲು ಅಲ್ಲಿ ಕೇಳ್ರಿ.

ಬೆಕ್ಕಿನಮನೆ:
ಬೆಕ್ಕಿನಲ್ಲಿ ದುಬಾರಿ ಅಂದರೆ ಎಫ್‌ಐಪಿ, ಬೆಕ್ಕುಗಳಿಗೆ ಬರೋ ಒಂದು ಕೊರೊನಾವೈರಸ್ ಕಾಯಿಲೆ. ಒಂದು ಕಾಲಕ್ಕೆ ಸಾವೇ ಗತಿ ಅಂದಿದ್ದ ಕಾಯಿಲೆಗೆ ಈಗ ಜಿಎಸ್-441524 ಅನ್ನೋ ಔಷಧ ಇದೆ, ರೂಢಿಯ ಕೋರ್ಸ್ 84 ದಿನ. ಔಷಧದ ಮಾತಿಗೆ ಮುಂಚೆ ಅಗ್ಗದ ಪರೀಕ್ಷೆ ಮಾಡಿಸಿ. ಹೊಟ್ಟೆ ಉಬ್ಬಿದ ಬೆಕ್ಕಿನಿಂದ ತೆಗೆದ ಹಳದಿ ದ್ರವದಲ್ಲಿ ರಿವಾಲ್ಟಾ ಪರೀಕ್ಷೆ: ಪ್ರನಾಳದಲ್ಲಿ 8 ಮಿ.ಲೀ. ಡಿಸ್ಟಿಲ್ಡ್ ವಾಟರ್, ಅದಕ್ಕೆ ಗಟ್ಟಿ ಅಸಿಟಿಕ್ ಆಸಿಡ್ ಒಂದು ಹನಿ, ಕಲಕಿ ಮೇಲೆ ದ್ರವದ ಒಂದು ಹನಿ. ಹನಿ ಕರಗಿಹೋದರೆ ಎಫ್‌ಐಪಿ ಸಾಧ್ಯತೆ ತೀರಾ ಕಡಿಮೆ. ಹನಿ ಕರಗದೆ ತೇಲುತ್ತಿದ್ದರೆ ಅಥವಾ ಜೆಲ್ಲಿಮೀನಿನಂತೆ ನಿಧಾನಕ್ಕೆ ಇಳಿದರೆ ಮುಂದಿನ ಪರೀಕ್ಷೆ. ರಕ್ತದಲ್ಲಿ ಆಲ್ಬುಮಿನ್–ಗ್ಲೋಬ್ಯುಲಿನ್ ಅನ್ನೋ ಎರಡು ಪ್ರೋಟೀನ್‌ಗಳ ಅನುಪಾತ 0.8ಕ್ಕಿಂತ ಮೇಲಿದ್ದರೆ ಬೇರೆ ಕಾಯಿಲೆ ಹುಡುಕಿ, 0.4ಕ್ಕಿಂತ ಕೆಳಗಿದ್ದರೆ ಅನುಮಾನ ಗಟ್ಟಿ.

ನನ್ನ ನಿಯಮ: ಪೂರ್ತಿ ಕೋರ್ಸ್‌ನ ದುಡ್ಡು ಕೈಯಲ್ಲಿ ಅಥವಾ ಖಚಿತ ಭರವಸೆಯಲ್ಲಿ ಇಲ್ಲದಿದ್ದರೆ ಶುರುಮಾಡಬೇಡಿ. ಮೊದಲ ವಾರದಲ್ಲೇ ಬೆಕ್ಕು ಎದ್ದು ತಿನ್ನುತ್ತದೆ, ದಾನಿಗಳ ಆಸಕ್ತಿ ಅಲ್ಲಿಗೇ ಇಳಿಯುತ್ತದೆ, ಔಷಧ ಅರ್ಧಕ್ಕೆ ನಿಂತರೆ ಕಾಯಿಲೆ ಮರುಕಳಿಸುತ್ತದೆ. ಲೆಕ್ಕವನ್ನು ಇವತ್ತಿನ ತೂಕಕ್ಕೆ ಹಾಕಬೇಡಿ. ಚೇತರಿಸಿಕೊಳ್ಳೋ ಮರಿ 84 ದಿನದಲ್ಲಿ ದಪ್ಪ ಆಗುತ್ತೆ, ಡೋಸ್ ತೂಕದ ಜೊತೆ ಏರಬೇಕು. ವಾರಕ್ಕೊಮ್ಮೆ ತೂಗಿ. ಔಷಧವನ್ನು ಟೆಲಿಗ್ರಾಂ ಗುಂಪುಗಳಲ್ಲಿ ಕೊಳ್ಳದೆ ಡಾಕ್ಟರ ಚೀಟಿಯ ಮೂಲಕವೇ ವಿಚಾರಿಸಿ.

ಖಜಾಂಚಿ_ಲೆಕ್ಕ:
ಈಗ ದುಡ್ಡಿನ ಮಾತು. ರೂಪಾಯಿ ಮಿತಿ ಬೇಕು, ಆದರೆ ಅದು ನಿಮ್ಮ ಆದಾಯದಿಂದ ಹುಟ್ಟಬೇಕು. ತೋರಿಸಲು ಒಂದು ಅಂಕಿ ಹಾಕ್ತೀನಿ: ತಿಂಗಳಿಗೆ 60,000 ಬರುತ್ತೆ ಅಂದ್ಕೊಳ್ಳಿ. ಲಸಿಕೆ, ಸಂತಾನಹರಣ, ಆಹಾರ, ಬಾಡಿಗೆ 40,000. ಇದನ್ನು ಮುಟ್ಟೋ ಹಾಗಿಲ್ಲ. ಲಸಿಕೆ ದುಡ್ಡು ತೆಗೆದು ಒಂದು ಆಪರೇಷನ್ ಮಾಡಿಸಿದರೆ ಎರಡು ತಿಂಗಳಿಗೆ ಪಾರ್ವೊ ಕೇಸ್ ನೀವೇ ತಯಾರಿಸಿದ ಹಾಗೆ. ಉಳಿದ 20,000ದಲ್ಲಿ 8,000 ಹಳೆ ಬಾಕಿ ಮತ್ತು ಆಪತ್ ನಿಧಿಗೆ. ಮಿಕ್ಕ 12,000 ತಿಂಗಳ ಗಂಭೀರ ಕೇಸ್‌ಗಳಿಗೆ. ಅಂಥವು ಎರಡು ಬರ್ತವೆ ಅಂದರೆ ಒಂದಕ್ಕೆ 6,000. ಅದರ ಮೇಲೆ ಹೋದರೆ ಆ ಪ್ರಾಣಿಯ ಹೆಸರಲ್ಲಿ ಪ್ರತ್ಯೇಕವಾಗಿ ಎತ್ತಬೇಕು.

ಯಾರು ತೀರ್ಮಾನಿಸಬೇಕು? ಮೂವರು: ಡಾಕ್ಟರು, ಖಜಾಂಚಿ, ಆ ನಾಯಿಯನ್ನು ತಂದವರಲ್ಲದ ಇನ್ನೊಬ್ಬರು. ತಂದವರು ಮಾತಾಡಬಹುದು, ವೋಟ್ ಇಲ್ಲ. ಇದಕ್ಕೆ ಗಲಾಟೆ ಆಗುತ್ತೆ, ಆಗಲಿ. ಮೊದಲ 24 ಗಂಟೆಯ ನೋವಿನ ಔಷಧ, ದ್ರವ, ಎಕ್ಸ್‌ರೇ, ರಕ್ತ ಪರೀಕ್ಷೆಗೆ ಸಭೆ ಬೇಡ, ಅವತ್ತು ಡ್ಯೂಟಿಯಲ್ಲಿದ್ದವರೇ ಒಪ್ಪಲಿ. ಅದು ಮುಗಿದ ಮೇಲೆ ಎರಡು ಗಂಟೆಯೊಳಗೆ ಮೂವರಲ್ಲಿ ಇಬ್ಬರ ಹೌದು ಬೇಕು.

ಆಸ್ಪತ್ರೆಯಿಂದ ಒಂದೇ ಅಂಕಿ ತಗೋಬೇಡಿ, "ಕಡಿಮೆ ಅಂದರೆ ಇಷ್ಟು, ಹೆಚ್ಚು ಅಂದರೆ ಇಷ್ಟು" ಅಂತ ಬರೆಸಿ. ಹೆಚ್ಚಿನ ಅಂಕಿಯ ಮುಕ್ಕಾಲು ಮುಟ್ಟಿದಾಗ ಫೋನ್ ಮಾಡಲು ಒಪ್ಪಿಗೆ ಪತ್ರದಲ್ಲೇ ಸೇರಿಸಿ. ಬಾಕಿ ಬೆಳೆಸಬೇಡಿ. ಆಸ್ಪತ್ರೆಯವರು ಸಾಲ ಕೊಡೋದು ನಿಲ್ಲಿಸಿದರೆ ಮುಂದಿನ ನಾಯಿ ಗೇಟ್‌ನಲ್ಲೇ ಕಾಯುತ್ತೆ.

ತುಮಕೂರು_ತಂಡ:
ಮಿಲಾಪ್, ಕೆಟ್ಟೊದಂಥ ಆನ್‌ಲೈನ್ ದೇಣಿಗೆ ತಾಣಗಳಲ್ಲಿ ಎತ್ತೋದು ಸರಿ, ನಾಯಿ ಸತ್ತ ಮೇಲೆ ದುಡ್ಡು ಉಳಿದರೆ? ದಾನಿಗಳು ಕೇಳ್ತಾರೆ.

ಖಜಾಂಚಿ_ಲೆಕ್ಕ:
ಮನವಿಯ ಮೊದಲ ಪ್ಯಾರಾದಲ್ಲೇ "ಉಳಿದರೆ ಅಥವಾ ಪ್ರಾಣಿ ಬದುಕದಿದ್ದರೆ ಹಣ ಮುಂದಿನ ಚಿಕಿತ್ಸೆಗೆ" ಅಂತ ಬರೆಯಿರಿ. ಆಮೇಲೆ ಹೇಳಿದರೆ ಮೋಸದಂತೆ ಕಾಣುತ್ತೆ. ಎಸ್ಟಿಮೇಟ್‌ನ ಹೆಚ್ಚಿನ ಅಂಕಿ ತಲುಪಿದ ದಿನವೇ ಮನವಿ ಮುಚ್ಚಿ. ಮುಚ್ಚುವಾಗ ಪೂರ್ತಿ ಬಿಲ್ ಹಾಕಿ, ಬರೀ ಫೋಟೊ ಬೇಡ. 80ಜಿ (ದಾನಿಗೆ ತೆರಿಗೆ ವಿನಾಯಿತಿ ಕೊಡಿಸೋ ಮಾನ್ಯತೆ) ಇರೋ ಟ್ರಸ್ಟ್ ಆದರೆ ₹2,000ಕ್ಕಿಂತ ಹೆಚ್ಚಿನ ನಗದಿಗೆ ದಾನಿಗೆ ತೆರಿಗೆ ವಿನಾಯಿತಿ ಸಿಗೋದಿಲ್ಲ, ಮೊದಲೇ ಹೇಳಿ. ವೈಯಕ್ತಿಕ ಯುಪಿಐಗೆ ದುಡ್ಡು ತರಿಸಿಕೊಳ್ಳೋ ಅಭ್ಯಾಸ ಇವತ್ತೇ ನಿಲ್ಲಿಸಿ.

ಚೆಂದದ ಮುಖದ ಮರಿಗೆ ಒಂದೇ ದಿನಕ್ಕೆ ದುಡ್ಡು ಬೀಳುತ್ತೆ, ಕಜ್ಜಿಯ ಮುದಿ ನಾಯಿಗೆ ವಾರವಾದರೂ ಬರಲ್ಲ. ಸಾಮಾನ್ಯ ನಿಧಿಯನ್ನು ಎರಡನೆಯದಕ್ಕೆ ಉಳಿಸಿಕೊಳ್ಳೋದು ಜಾಣತನ.

ತುಮಕೂರು_ತಂಡ:
ಕೊನೆಗೊಂದು. ರಾತ್ರಿ ಡಾಕ್ಟರ್ ಸಿಗದಾಗ ಹಲವರು ತಮಗೆ ತಿಳಿದದ್ದು ಚುಚ್ಚಿಬಿಡ್ತಾರೆ. ಅದನ್ನೂ ನಿಯಮದಲ್ಲಿ ಹಾಕೋದಾ?

ಪಶುವೈದ್ಯ_ಮಲೆನಾಡು:
ಹಾಕಲೇಬೇಕು, ಅದರಿಂದಲೇ ಎಷ್ಟೋ ಬಿಲ್ ದುಪ್ಪಟ್ಟಾಗುತ್ತದೆ. ಸಂಜೆ ಊಟ ಹಾಕುವ ಒಬ್ಬ ಫೀಡರ್ ಡೆಕ್ಸಾ ಅನ್ನೋ ಸ್ಟೀರಾಯ್ಡ್ ಕೊಟ್ಟಿರುತ್ತಾರೆ, ರಾತ್ರಿ ಇನ್ನೊಬ್ಬರು ನೋವಿಗೆ ಮೆಲಾಕ್ಸಿಕಾಂ. ಸ್ಟೀರಾಯ್ಡ್‌ನ ಮೇಲೆ ನೋವಿನ ಮಾತ್ರೆ ಬಿದ್ದರೆ ಹೊಟ್ಟೆಯಲ್ಲಿ ಹುಣ್ಣು, ಕರುಳು ತೂತು. ಆಕ್ಸಿಡೆಂಟ್‌ನಲ್ಲಿ ಬದುಕಬಹುದಾಗಿದ್ದ ನಾಯಿ ಅದರಿಂದ ಹೋಗುತ್ತದೆ. ಬೆಕ್ಕಿಗೆ ಪ್ಯಾರಸಿಟಮಾಲ್ ಒಂದು ಮಾತ್ರೆಯೂ ಮಾರಕ. ಪ್ರತಿ ಪ್ರಾಣಿಯ ಕೇಜ್‌ಗೆ ಒಂದು ಚೀಟಿ ಕಟ್ಟಿ: ಸಿಕ್ಕ ಸಮಯ, ತೂಕ, ಕೊಟ್ಟ ಔಷಧ, ಎಷ್ಟು ಮಿ.ಲೀ., ಕೊಟ್ಟವರ ಹೆಸರು. ಖಾಲಿ ವಯಲ್ ಎಸೆಯದೆ ಅದೇ ಚೀಟಿಯ ಜೊತೆ ಕವರ್‌ನಲ್ಲಿ ಹಾಕಿ ಕಳಿಸಿ. ರಾತ್ರಿ ಮಾಡಬಹುದಾದ್ದು ಹಲಗೆಯ ಮೇಲೆ ಮಲಗಿಸಿ ಬೆಲ್ಟ್ ಕಟ್ಟುವುದು, ಬೆಚ್ಚಗಿಡುವುದು, ರಕ್ತ ಸೋರುತ್ತಿದ್ದರೆ ಬಟ್ಟೆ ಒತ್ತಿ ಹಿಡಿಯುವುದು. ಬಾಯಿಗೆ ನೀರು, ಹಾಲು ಹಾಕಬೇಡಿ, ಬೆಳಗ್ಗೆ ಅರಿವಳಿಕೆ ಕೊಡಬೇಕಾಗಬಹುದು.